ವಾದಿ ಶಾಬ್: ಕಣಿವೆಯ ನೀರು ಕಲಿಸಿದ ಪಾಠ

ಅರಬಿ ಭಾಷೆಯಲ್ಲಿ ‘ವಾದಿ’ ಎಂದರೆ ಕಣಿವೆ. ಇಪ್ಪತ್ತು ವರ್ಷಗಳಿಂದ ಮದ್ರಸದ ಕರಿಹಲಗೆಯ ಮೇಲೆ ಈ ಪದವನ್ನು ಬರೆಯುತ್ತಾ ಬಂದಿದ್ದೇನೆ. ಇಬ್ರಾಹೀಮ್(ಅ)ರವರು ತಮ್ಮ ಕುಟುಂಬವನ್ನು ಬೆಳೆಯಿಲ್ಲದ ವಾದಿಯಲ್ಲಿ ನೆಲೆಗೊಳಿಸಿದ ಪ್ರಸಂಗ ಬಂದಾಗ ಮಕ್ಕಳು ಒಕ್ಕೊರಲಿನಿಂದ “ಕಣಿವೆ” ಎನ್ನುತ್ತಾರೆ. ಸೂರಃ ಅರ್ರಅ್‌ದ್‌ನಲ್ಲಿ ಮಳೆ ಸುರಿದು ವಾದಿಗಳು ಹರಿಯುವ ಉಪಮೆ ಬರುತ್ತದೆ. ಅಲ್ಲಿಗೆ ತಲುಪಿದಾಗ ಒಮ್ಮೆ ಒಬ್ಬ ಹುಡುಗ ಎದ್ದು ನಿಂತು ಕೇಳಿದ್ದ: “ಉಸ್ತಾದ್, ಹರಿಯುವುದು ನೀರಲ್ಲವೇ? ಕಣಿವೆ ಹೇಗೆ ಹರಿಯುತ್ತದೆ?” ಅದು ಅರಬಿ ಭಾಷೆಯ ಶೈಲಿ ಎಂದಷ್ಟೇ ಹೇಳಿ ಮುಂದಿನ ಸಾಲಿಗೆ ಹೋಗಿದ್ದೆ. ಆ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಸಿಕ್ಕಿದ್ದು 2023ರ ಡಿಸೆಂಬರಿನಲ್ಲಿ, ಒಮಾನ್ ದೇಶದ ಒಂದು ಕಣಿವೆಯಲ್ಲಿ. ಅದರ ಜೊತೆಗೆ, ನಾನು ಕೇಳದೇ ಇದ್ದ ಇನ್ನೊಂದು ಪ್ರಶ್ನೆಗೂ ಅಲ್ಲಿಯೇ ಉತ್ತರ ಸಿಕ್ಕಿತು.

ನನ್ನ ತಂಗಿಯ ಕುಟುಂಬ ಮಸ್ಕತ್‌ನಲ್ಲಿದೆ. ನಮ್ಮ ಕರಾವಳಿಯ ಎಷ್ಟೋ ಮನೆಗಳಂತೆ ನಮ್ಮ ಮನೆಯೂ ಹಲವು ವರ್ಷಗಳಿಂದ ಒಮಾನಿನ ರಿಯಾಲ್‌ನ ಋಣದಲ್ಲಿದೆ. ಆದರೆ ಅಲ್ಲಿಗೆ ನಾನು ಹೋದದ್ದು ಅದೇ ಮೊದಲು. ಜೊತೆಗೆ ಒಂಭತ್ತನೇ ತರಗತಿಯಲ್ಲಿ ಓದುತ್ತಿದ್ದ ಮಗನಿದ್ದ. ಮಸೀದಿ, ಮಾರುಕಟ್ಟೆ, ಬಂಧುಗಳ ಮನೆ ಎಲ್ಲ ಮುಗಿದ ಮೇಲೆ ಭಾವ ಒಂದು ರಾತ್ರಿ, “ನಾಳೆ ನಿಮ್ಮನ್ನು ವಾದಿ ಶಾಬ್‌ಗೆ ಕರೆದುಕೊಂಡು ಹೋಗುತ್ತೇನೆ. ಸ್ವಲ್ಪ ನಡೆಯಬೇಕು, ಗಟ್ಟಿ ಚಪ್ಪಲಿ ಹಾಕಿಕೊಳ್ಳಿ” ಎಂದರು.

ದೋಣಿಯಿಂದ ಆರಂಭ

ಸುಬ್‌ಹಿ ನಮಾಝ್ ಮುಗಿಸಿ ಹೊರಟೆವು. ಮಸ್ಕತ್‌ನಿಂದ ಸೂರ್ ಪಟ್ಟಣದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 150 ಕಿಲೋಮೀಟರ್ ದೂರದಲ್ಲಿ ತೀವಿ ಎಂಬ ಊರಿದೆ. ಖುರಿಯ್ಯಾತ್ ದಾಟಿದ ನಂತರ ಎಡಕ್ಕೆ ನೀಲಿ ಸಮುದ್ರ, ಬಲಕ್ಕೆ ಹಜರ್ ಪರ್ವತ. ಪರ್ವತ ಎಂದರೆ ನಮ್ಮ ಘಟ್ಟದಂತೆ ಹಸಿರು ಹೊದ್ದದ್ದಲ್ಲ. ಒಂದು ಗರಿಕೆಯೂ ಇಲ್ಲದ ಬೋಳು ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ರೂಪುಗೊಂಡ ಸುಣ್ಣದ ಕಲ್ಲು ಅದು. ಮಳೆನೀರು ಅದನ್ನು ಕರಗಿಸಿ ಕರಗಿಸಿ ಒಳಗೆ ಗುಹೆಗಳನ್ನೂ ಹೊರಗೆ ಕೊರಕಲುಗಳನ್ನೂ ಮಾಡಿದೆ. ದಾರಿಯಲ್ಲಿ ಹವಿಯ್ಯತ್ ನಜ್ಮ್ ಎಂಬ ದೊಡ್ಡ ನೀರಿನ ಹೊಂಡವೊಂದು ಸಿಗುತ್ತದೆ. ನಕ್ಷತ್ರವೊಂದು ಬಿದ್ದು ಆದ ಹೊಂಡ ಎಂದು ಜನರ ಕಥೆ. ಸುಣ್ಣದ ಕಲ್ಲು ಕರಗಿ ಕುಸಿದದ್ದು ಎಂದು ಭೂವಿಜ್ಞಾನ ಹೇಳುತ್ತದೆ.

ವಾದಿ ಶಾಬ್‌ನ ಬಾಯಿ ಹೆದ್ದಾರಿಯ ಎತ್ತರದ ಸೇತುವೆಯ ಕೆಳಗೇ ಇದೆ. ಕಾರು ನಿಲ್ಲಿಸಿ ಇಳಿದರೆ ಎದುರಿಗೆ ಹಸಿರು ನೀರು. ತಲೆಗೆ ಒಂದು ರಿಯಾಲ್ ಕೊಟ್ಟರೆ ಚಿಕ್ಕ ದೋಣಿಯಲ್ಲಿ ಆಚೆ ದಡಕ್ಕೆ ಬಿಡುತ್ತಾರೆ. ಹೋಗಿ ಬರುವುದಕ್ಕೆ ಸೇರಿ ಅದೇ ಬಾಡಿಗೆ. ದೋಣಿಯ ಪ್ರಯಾಣ ಎರಡು ನಿಮಿಷವೂ ಇಲ್ಲ. ಆದರೆ ನನ್ನ ಎರಡೂ ಕೈಗಳು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ತಂಗಿಯ ಹತ್ತು ವರ್ಷದ ಮಗಳು ಅದನ್ನು ನೋಡಿ, “ಮಾಮ, ನಿಮಗೆ ಈಜು ಬರುವುದಿಲ್ಲವೇ?” ಎಂದು ಕೇಳಿಯೇಬಿಟ್ಟಳು. ನಾನು ನಕ್ಕು ಸುಮ್ಮನಾದೆ.

ಹೊಳೆಯ ಬದಿಯ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಈಜು ಬರುತ್ತಿರಲಿಲ್ಲ. ಮಕ್ಕಳಿಗೆ ಈಜು ಕಲಿಸಬೇಕೆಂಬ ಹಿರಿಯರ ಉಪದೇಶವನ್ನು ವೇದಿಕೆಯಿಂದ ಹಲವು ಬಾರಿ ಹೇಳಿದ್ದೇನೆ. ಆದರೆ ನಾನು ಮೊಣಕಾಲಿಗಿಂತ ಹೆಚ್ಚು ನೀರಿಗೆ ಇಳಿದವನಲ್ಲ.

ಬಂಡೆ, ಖರ್ಜೂರ ಮತ್ತು ಫಲಜ್

ದೋಣಿ ಇಳಿದ ಮೇಲೆ ಕಾಲುದಾರಿ. ಮೊದಲು ಖರ್ಜೂರದ ಮರಗಳು, ಅವುಗಳ ನೆರಳಿನಲ್ಲಿ ಬಾಳೆ. ಎರಡು ಕಡೆಗೂ ಗೋಡೆಯಂತೆ ಎದ್ದು ನಿಂತ ಬಂಡೆ. ತಲೆ ಎತ್ತಿ ನೋಡಿದರೆ ಆಕಾಶ ಒಂದು ಪಟ್ಟಿಯಷ್ಟೇ. ನೀರಿನ ಅಂಚಿನಲ್ಲಿ ಗುಲಾಬಿ ಬಣ್ಣದ ಹೂ ಬಿಟ್ಟ ಗಿಡಗಳು. ಹತ್ತಿರ ಹೋಗಿ ನೋಡಿದರೆ ನಮ್ಮ ಕಣಗಿಲೆ! ಪರದೇಶದಲ್ಲಿ ಪರಿಚಯದವರು ಸಿಕ್ಕಂತಾಯಿತು. ಕಣಗಿಲೆಯ ಎಲೆ ವಿಷವೆಂಬುದನ್ನು ಮಕ್ಕಳಿಗೆ ನೆನಪಿಸಿ ಮುಂದೆ ನಡೆದೆವು.

ಸ್ವಲ್ಪ ದೂರದ ನಂತರ ದಾರಿ ಬಂಡೆಯ ಮೈಗೆ ಅಂಟಿಕೊಂಡು ಸಾಗುತ್ತದೆ. ಒಂದು ಬದಿ ಗೋಡೆ, ಇನ್ನೊಂದು ಬದಿ ಕೆಳಗೆ ನೀರು. ಅಲ್ಲಿ ದಾರಿಯ ಪಕ್ಕದಲ್ಲೇ ಗೇಣಗಲದ ಒಂದು ಕಾಲುವೆ ನಮ್ಮ ಜೊತೆಗೂಡಿತು. ಇದಕ್ಕೆ ‘ಫಲಜ್’ ಎಂದು ಹೆಸರು. ನಾವು ಮೇಲಕ್ಕೆ ನಡೆಯುತ್ತಿದ್ದರೆ ಅದು ಸದ್ದಿಲ್ಲದೆ ಕೆಳಗಿನ ತೋಟಗಳ ಕಡೆಗೆ ಹರಿಯುತ್ತಿತ್ತು.

ಒಮಾನಿನಲ್ಲಿ ಇಂಥ ಸುಮಾರು 3,000 ಫಲಜ್‌ಗಳು ಈಗಲೂ ಬಳಕೆಯಲ್ಲಿವೆ. ಅವುಗಳಲ್ಲಿ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆಲವಕ್ಕೆ ನೀರು ಬರುವುದು ಚಿಲುಮೆಯಿಂದ, ಕೆಲವಕ್ಕೆ ಕಣಿವೆಯ ಹರಿವಿನಿಂದ, ಇನ್ನು ಕೆಲವಕ್ಕೆ ನೆಲದಡಿಯ ಉದ್ದನೆಯ ಸುರಂಗದಿಂದ. ಸುಲೈಮಾನ್(ಅ)ರವರು ಜಿನ್ನ್‌ಗಳಿಂದ ಇವನ್ನು ತೋಡಿಸಿದರೆಂದು ಅಲ್ಲಿನ ಜನಪದರ ಮಾತು. ಪಂಪು ಇಲ್ಲ, ವಿದ್ಯುತ್ ಇಲ್ಲ, ಇಳಿಜಾರೇ ನೀರನ್ನು ಊರಿಗೆ ತಲುಪಿಸುತ್ತದೆ. ಊರಿಗೆ ಬಂದ ನೀರನ್ನು ಮೊದಲು ಎಲ್ಲರೂ ಕುಡಿಯಲು ತೆಗೆದುಕೊಳ್ಳಬಹುದು. ಅದು ಯಾರದೂ ಸ್ವಂತವಲ್ಲ. ನಂತರ ಮಸೀದಿ ಹಾಗೂ ಸ್ನಾನದ ಜಾಗ. ಆಮೇಲಷ್ಟೇ ತೋಟಗಳು. ತೋಟಗಳಿಗೆ ಪಾಲು ಹಂಚುವುದು ಸಮಯದ ಲೆಕ್ಕದಲ್ಲಿ. ಗಡಿಯಾರವಿಲ್ಲದ ಕಾಲದಲ್ಲಿ ಹಗಲು ಕೋಲಿನ ನೆರಳು, ರಾತ್ರಿ ನಕ್ಷತ್ರಗಳ ಚಲನೆ ನೋಡಿ ಸರದಿ ಬದಲಾಯಿಸುತ್ತಿದ್ದರು.

ಇದನ್ನು ಕೇಳುತ್ತಿದ್ದಾಗ ನನಗೆ ನೆನಪಾದದ್ದು ಬಂಟ್ವಾಳ ಮತ್ತು ಕಾಸರಗೋಡಿನ ಗಡಿಯ ಗುಡ್ಡಗಳು. ಅಲ್ಲಿ ನಮ್ಮ ಕೃಷಿಕರು ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಲಾಗಿ ಸುರಂಗ ಕೊರೆದು, ಪಂಪಿಲ್ಲದೆ ಅಡಿಕೆ ತೋಟಕ್ಕೆ ನೀರು ತರುತ್ತಾರೆ. ಬೋರ್‌ವೆಲ್ ಬಂದ ಮೇಲೆ ನಾವು ಅದನ್ನು ಮರೆಯುತ್ತಿದ್ದೇವೆ.

ಮಗ ಹೇಳಿದ ಮಾತು

ಸುಮಾರು ಒಂದು ಗಂಟೆ ನಡೆದ ಮೇಲೆ ದಾರಿ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ನೀರೇ ದಾರಿ. ಒಂದರ ಹಿಂದೆ ಒಂದರಂತೆ ತಿಳಿಹಸಿರು ನೀರಿನ ಕೊಳಗಳು. ಅವನ್ನು ಈಜಿಕೊಂಡು ದಾಟಿದರೆ ಕೊನೆಗೆ ಎರಡು ಬಂಡೆಗಳ ನಡುವೆ ಒಂದು ಸಂದು. ಮನುಷ್ಯನ ತಲೆ ಹಿಡಿಯುವಷ್ಟೇ ಅಗಲ. ಕತ್ತು ಮಾತ್ರ ನೀರಿನ ಮೇಲಿಟ್ಟು ಅದರೊಳಗೆ ನುಸುಳಿದರೆ ಒಂದು ಗುಹೆ. ಗುಹೆಯೊಳಗೆ ಜಲಪಾತ. ಜಗತ್ತಿನ ಹೆಸರಾಂತ ಬಂಡೆ ಜಿಗಿತಗಾರರ ಸ್ಪರ್ಧೆಯ ಅಂತಿಮ ಸುತ್ತು 2012ರಲ್ಲಿ ಇದೇ ಕಣಿವೆಯಲ್ಲಿ ನಡೆದಿತ್ತು.

ಭಾವ ಚೀಲದಿಂದ ಲೈಫ್ ಜಾಕೆಟ್‌ಗಳನ್ನು ತೆಗೆದರು. ಒಂದನ್ನು ಮಗನ ಕಡೆಗೆ ಚಾಚಿದಾಗ ನಾನು, “ಅವನಿಗೆ ಬೇಡ. ಅವನಿಗೆ ಈಜು ಬರುವುದಿಲ್ಲ, ಇಲ್ಲೇ ಕುಳಿತಿರಲಿ” ಎಂದೆ.

ಮಗ ನೆಲ ನೋಡುತ್ತಾ ಮೆಲ್ಲನೆ ಹೇಳಿದ: “ಬರುತ್ತದೆ ಉಪ್ಪ.”

“ಯಾವಾಗ ಕಲಿತೆ?”

“ಎರಡು ವರ್ಷ ಆಯಿತು. ಕೋರೆಯ ಹೊಂಡದಲ್ಲಿ.”

ನನಗೆ ಮಾತೇ ಹೊರಡಲಿಲ್ಲ. ನಮ್ಮೂರಿನ ಕೋರೆ ಎಂದರೆ ಕೆಂಪುಕಲ್ಲು ಕಡಿದು ಬಿಟ್ಟ ಗುಂಡಿ. ಮಳೆಗಾಲದಲ್ಲಿ ತುಂಬಿದ ನೀರು ಹಾಗೆಯೇ ನಿಲ್ಲುತ್ತದೆ. ಗೋಡೆಯಂತೆ ನೇರ ಕಡಿದ ಅಂಚು, ಹಿಡಿಯಲು ಬೇರೂ ಇಲ್ಲ, ಹತ್ತಲು ಮೆಟ್ಟಿಲೂ ಇಲ್ಲ. ಪ್ರತಿ ವರ್ಷ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಇಂಥ ಹೊಂಡಗಳ ಸುದ್ದಿ ಓದುತ್ತೇವೆ. ಅಲ್ಲಿಗೆ ನನ್ನ ಮಗ ಎರಡು ವರ್ಷ ಹೋಗಿ ಬಂದಿದ್ದಾನೆ, ನನಗೆ ತಿಳಿದೇ ಇಲ್ಲ!

ಅವನನ್ನು ನೀರಿನಿಂದ ದೂರ ಇಡಲು ನನಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಪೆರ್ನಾಳ್‌ನ ಮರುದಿನ ನನ್ನ ತರಗತಿಯ ಒಬ್ಬ ಹುಡುಗ ಗೆಳೆಯರ ಜೊತೆ ಹೊಳೆಗೆ ಇಳಿದವನು ಮೇಲೆ ಬರಲಿಲ್ಲ. ಸಂಜೆಯವರೆಗೂ ನಾನು ದಡದಲ್ಲಿ ನಿಂತಿದ್ದೆ. ಮರಳಿನ ಮೇಲೆ ಅವನ ಚಪ್ಪಲಿ, ಮಡಚಿಟ್ಟ ಹಬ್ಬದ ಹೊಸ ಅಂಗಿ. ಮನೆಯಲ್ಲಿ ಅವನು ಹೇಳಿ ಬಂದದ್ದು ಮಾವನ ಮನೆಗೆ ಎಂದು. ಜನಾಝ ಮುಗಿದ ಮೇಲೆ ಅವನ ತಾಯಿ ಬಾಗಿಲ ಮರೆಯಿಂದ ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಉಸ್ತಾದ್, ನಿಮ್ಮ ಮಾತನ್ನಾದರೂ ಅವನು ಕೇಳುತ್ತಿದ್ದ. ನೀವು ಏನಾದರೂ ಹೇಳಬಾರದಿತ್ತೇ?”

ಅಂದಿನಿಂದ ತರಗತಿಯಲ್ಲಿ ಪ್ರತಿ ರಜೆಗೂ ಮುಂಚೆ ಕಟ್ಟುನಿಟ್ಟಾಗಿ ಹೇಳುತ್ತಿದ್ದೆ: ಯಾರೂ ನೀರಿಗೆ ಇಳಿಯಕೂಡದು. ಮನೆಯಲ್ಲಿಯೂ ಅದೇ ಆಜ್ಞೆ. ಆಜ್ಞೆ ಪಾಲನೆಯಾಗುತ್ತಿದೆ ಎಂದೇ ನಂಬಿದ್ದೆ.

ಆ ಕಣಿವೆಯಲ್ಲಿ ಬಂಡೆಯ ಮೇಲೆ ಕುಳಿತಾಗ ನನಗೆ ಹೊಳೆದದ್ದು ಇಷ್ಟು: ನನ್ನ ನಿಷೇಧ ಮಗನನ್ನು ನೀರಿನಿಂದ ದೂರ ಮಾಡಲಿಲ್ಲ. ನನ್ನಿಂದ ದೂರ ಮಾಡಿತು. ಕೋರೆಯಲ್ಲಿ ಅವನಿಗೆ ಏನಾದರೂ ಆಗಿದ್ದರೆ ನಾನು ಹುಡುಕಲು ಹೊರಡುತ್ತಿದ್ದುದು ಬೇರೆಲ್ಲೋ. ಆ ಹುಡುಗನ ತಂದೆ ಮೊದಲು ಮಾವನ ಮನೆಗೆ ಓಡಿದ್ದರಲ್ಲ, ಹಾಗೆಯೇ.

ನಾನು ಬಹಳ ಹೊತ್ತು ಸುಮ್ಮನಿದ್ದದ್ದನ್ನು ನೋಡಿ ತಂಗಿ ಹೇಳಿದಳು, “ಅಣ್ಣ, ಈಗ ಬೈಯಬೇಡಿ. ಅವನು ನಿಜ ಹೇಳಿದ್ದಾನೆ.”

ಜಾಕೆಟ್‌ನ ಪಟ್ಟಿಯನ್ನು ನಾನೇ ಬಿಗಿದೆ. ಭಾವನ ಮಾತನ್ನು ಒಂದಿಷ್ಟೂ ಮೀರಕೂಡದು ಎಂದೆ. ಇಬ್ಬರೂ ನೀರಿಗಿಳಿದರು.

ನಾನು ಕಾಣದ ಜಲಪಾತ

ಹೀಗೆ, ವಾದಿ ಶಾಬ್‌ಗೆ ಹೋದ ನಾನು ಅಲ್ಲಿನ ಜಲಪಾತವನ್ನು ಕಣ್ಣಾರೆ ಕಾಣಲಿಲ್ಲ. ತಂಗಿ ತಂದ ಪತ್ತಿರಿ, ಕೋಳಿ ಪದಾರ್ಥ ಮುಂದಿತ್ತು, ಗಂಟಲಲ್ಲಿ ಇಳಿಯಲಿಲ್ಲ. ನೀರಿನಲ್ಲಿ ಕಾಲು ಬಿಟ್ಟರೆ ಬೆರಳುದ್ದದ ಮೀನುಗಳು ಬಂದು ಹಿಮ್ಮಡಿ ಕಚ್ಚಿ ಕಚಗುಳಿ ಇಡುತ್ತಿದ್ದವು. ತಂಗಿಯ ಮಗಳು ನಗುತ್ತಿದ್ದಳು. ನನ್ನ ಕಣ್ಣು ಮಾತ್ರ ಅವರಿಬ್ಬರೂ ಮರೆಯಾದ ತಿರುವಿನ ಮೇಲಿತ್ತು. ಮನಸ್ಸಿನಲ್ಲಿ ದುಆ ನಡೆಯುತ್ತಲೇ ಇತ್ತು.

ಅರ್ಧ ಗಂಟೆಗೂ ಮೀರಿ ಕಳೆದ ಮೇಲೆ ಎರಡು ತಲೆಗಳು ಕಾಣಿಸಿದವು. ಅಲ್‌ಹಮ್ದುಲಿಲ್ಲಾಹ್! ಮಗ ನಡುಗುತ್ತಾ, ಒಂದೇ ಉಸಿರಿಗೆ ವರ್ಣಿಸತೊಡಗಿದ. ಸಂದಿನೊಳಗೆ ಹೋಗುವಾಗ ಕಿವಿ ಬಂಡೆಗೆ ತಾಗುತ್ತದಂತೆ. ಒಳಗೆ ಹೋದೊಡನೆ ಬಾವಿಯ ತಳದಲ್ಲಿ ನಿಂತು ಮೇಲೆ ನೋಡಿದಂತೆ, ಮೇಲಿನ ಬಿರುಕಿನಿಂದ ಬೆಳಕು ನೀರಿಗೆ ಬೀಳುತ್ತದಂತೆ. ಜಲಪಾತದ ಸದ್ದಿನಲ್ಲಿ ಭಾವ ಕೂಗಿ ಹೇಳಿದ್ದೂ ಕೇಳಿಸಲಿಲ್ಲವಂತೆ. “ಮೇಲಕ್ಕೆ ಹತ್ತಲು ಒಂದು ಹಗ್ಗ ಇತ್ತು ಉಪ್ಪ. ಮಾಮ ಬೇಡ ಅಂದರು, ನಾನು ಹತ್ತಲಿಲ್ಲ.” ಹುಟ್ಟಿದಂದಿನಿಂದ ನಾನು ಕಂಡ ಹುಡುಗ ಇವನೇ ಹೌದಾದರೂ ಇಷ್ಟು ಮಾತನ್ನು ಅವನು ನನ್ನೆದುರು ಆಡಿದ್ದು ನೆನಪಿಲ್ಲ.

“ಇನ್ನೊಮ್ಮೆ ಹೋಗಿ ಬರಲೇ?” ಎಂದು ಅವನು ಕೇಳುತ್ತಿದ್ದಾಗ ಆ ಕಡೆಯಿಂದ ಒಬ್ಬ ವೃದ್ಧ ಒಮಾನಿ ಬಂದರು. ಸಲಾಂ ಹೇಳಿದೆ. ನನ್ನ ಪುಸ್ತಕದ ಅರಬಿ ಕೇಳಿ ಮುಗುಳ್ನಕ್ಕರು. ನಂತರ ಕೋಲಿನಿಂದ ಕಣಿವೆಯ ಮೇಲ್ತುದಿಯ ಕಡೆಗೆ ತೋರಿಸಿದರು. ನಮ್ಮ ತಲೆಯ ಮೇಲೆ ಬಿಸಿಲು. ಆದರೆ ದೂರದ ಬೆಟ್ಟದ ನೆತ್ತಿಯಲ್ಲಿ ಮೋಡ ಕಪ್ಪಾಗಿತ್ತು. “ಮತರ್” ಎಂದರು. ಮಳೆ. ಬಳಿಕ ಕೈಯನ್ನು ಮೇಲಿನಿಂದ ಕೆಳಕ್ಕೆ ತಂದು, “ವಾದಿ ಇಳಿದು ಬಂದೀತು, ಹೊರಡಿ” ಎಂಬರ್ಥದ ಮಾತು ಹೇಳಿದರು.

ಆಗ ನನ್ನ ಹಳೆಯ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಇವರಿಗೆ ವಾದಿ ಎಂದರೆ ಜಾಗವೂ ಹೌದು, ಆ ಜಾಗಕ್ಕೆ ಬರುವ ಪ್ರವಾಹವೂ ಹೌದು. ಕಣಿವೆ ಹರಿಯುತ್ತದೆ!

ಏಕೆ ಹೀಗೆ ಎಂಬುದನ್ನು ಭಾವ ಬಿಡಿಸಿ ಹೇಳಿದರು. ನಮ್ಮ ಘಟ್ಟದಲ್ಲಿ ಮಳೆಯನ್ನು ಮೊದಲು ಕಾಡು ಕುಡಿಯುತ್ತದೆ, ಮಣ್ಣು ಕುಡಿಯುತ್ತದೆ, ಆಮೇಲೆ ಹೊಳೆಗೆ ಬಿಡುತ್ತದೆ. ಇಲ್ಲಿ ಮರವೂ ಇಲ್ಲ, ಮಣ್ಣೂ ಇಲ್ಲ. ಸಾವಿರ ಮೀಟರಿಗೂ ಎತ್ತರದ ಬೋಳು ಕಲ್ಲಿನ ಮೇಲೆ ಬಿದ್ದ ಮಳೆಯಲ್ಲಿ ಬಹುಪಾಲು ಕೂಡಲೇ ಇಂಥ ಕೊರಕಲುಗಳಿಗೆ ಇಳಿಯುತ್ತದೆ. ಇಕ್ಕಟ್ಟಾದ ಕಣಿವೆಯಲ್ಲಿ ನೀರಿಗೆ ಹರಡಲು ಜಾಗವಿಲ್ಲ, ಆದ್ದರಿಂದ ಎತ್ತರಕ್ಕೇರುತ್ತದೆ. ಕೆಳಗಿದ್ದವರಿಗೆ ಒಂದು ಹನಿ ಮಳೆಯೂ ಬಿದ್ದಿರುವುದಿಲ್ಲ.

ಮಗ ಒಮ್ಮೆ ನನ್ನ ಮುಖ, ಒಮ್ಮೆ ಕೊಳವನ್ನು ನೋಡಿದ. ಅಷ್ಟರಲ್ಲಿ ಕೆಲವು ಯುವಕರು ನಗುತ್ತಾ ಮೇಲಿನ ಕೊಳಕ್ಕೆ ಹೊರಟಿದ್ದರು. “ಅವರು ಹೋಗುತ್ತಿದ್ದಾರಲ್ಲ” ಎಂದ. “ಅವರು ಹೋಗಲಿ, ನಾವು ಮರಳೋಣ” ಎಂದರು ಭಾವ. ಅವನು ಮರುಮಾತಿಲ್ಲದೆ ಚೀಲ ಹೆಗಲಿಗೇರಿಸಿದ. ಈಜು ಬಲ್ಲವರ ಮಾತಿಗೆ ಅವನಲ್ಲಿದ್ದ ಬೆಲೆ, ನೀರೆಂದರೆ ಹೆದರುವ ನನ್ನ ಮಾತಿಗೆ ಇರಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು.

ಬೇಗ ಬೇಗ ನಡೆದು ದೋಣಿ ಹಿಡಿದೆವು. ದಡದಲ್ಲಿ ಝುಹ್ರ್ ನಮಾಝ್ ಮಾಡಿದೆವು. ಹೇಳಬೇಕಾದ ಮಾತೆಂದರೆ, ಅಂದು ವಾದಿ ಬರಲಿಲ್ಲ. ಮೋಡ ಹಾಗೆಯೇ ಚದುರಿತು. ಆ ಯುವಕರೂ ಸುಖವಾಗಿ ಮರಳಿರಬೇಕು. ಮಗ ಕಾರಿನಲ್ಲಿ, “ಸುಮ್ಮನೆ ಬಂದೆವು” ಎಂದು ಗೊಣಗಿದ್ದೂ ನಿಜ.

ಇಬ್ನು ಬತೂತಾ ನಡೆದ ದಾರಿ

ಸಮಯ ಉಳಿದಿದ್ದರಿಂದ ಭಾವ ಕಾರನ್ನು ಸೂರ್ ಕಡೆಗೆ ತಿರುಗಿಸಿ ಖಲ್ಹಾತ್‌ಗೆ ಕರೆದೊಯ್ದರು. ಒಂದು ಕಾಲದ ದೊಡ್ಡ ಬಂದರು ಪಟ್ಟಣ. ಭೂಕಂಪ, ಆಮೇಲೆ 1508ರಲ್ಲಿ ಪೋರ್ಚುಗೀಸರ ದಾಳಿ ಅದನ್ನು ಹಾಳುಗೆಡವಿದವು. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆ ಅವಶೇಷಗಳ ನಡುವೆ ಇಂದು ಎದ್ದು ಕಾಣುವುದು ಬೀಬಿ ಮರ್ಯಮ್‌ರ ಗೋರಿಯ ಕಟ್ಟಡ ಮಾತ್ರ. ದೂರದಿಂದಲೇ ನೋಡಿದೆವು.

14ನೇ ಶತಮಾನದಲ್ಲಿ ಇಬ್ನು ಬತೂತಾ ಸೂರ್ ಬಂದರಿನಿಂದ ಇಲ್ಲಿಗೆ ಕಾಲ್ನಡಿಗೆಯಲ್ಲಿ ಬಂದಿದ್ದರು. ಊರು ಕಣ್ಣೆದುರೇ ಕಾಣುತ್ತಿತ್ತು, ಹತ್ತಿರವೆಂದು ಹೊರಟರು. ಆದರೆ ನಡುವೆ ಕೊರಕಲುಗಳು. ಜೊತೆಗಿದ್ದವರು ಒಬ್ಬ ಭಾರತೀಯ ಹಾಗೂ ಒಬ್ಬ ದಾರಿ ತೋರಿಸುವವ. ಅವನೋ ನೀರಿನಲ್ಲಿ ಇವರನ್ನು ಮುಳುಗಿಸಿ ಬಟ್ಟೆಬರೆ ದೋಚಲು ನೋಡಿದವನು. ಬಾಯಾರಿಕೆಯಿಂದ ಬಳಲಿ, ಕಾಲು ಊದಿಕೊಂಡು ಅವರು ಊರು ತಲುಪಿದ್ದನ್ನು ತಮ್ಮ ಪ್ರವಾಸ ಕಥನದಲ್ಲಿ ಬರೆಸಿದ್ದಾರೆ. ಭಾರತದಿಂದ ಬಂದ ಅಕ್ಕಿಯ ಅನ್ನದ ಜೊತೆ ಇಲ್ಲಿ ಉಂಡ ಸುಟ್ಟ ಮೀನಿನ ರುಚಿಯನ್ನೂ ಅವರು ಮರೆತಿಲ್ಲ. ಇದೇ ಇಬ್ನು ಬತೂತಾ ನಮ್ಮ ಹೊನ್ನಾವರಕ್ಕೂ ಬಂದು, ಅಲ್ಲಿ ಹೆಣ್ಣು ಮಕ್ಕಳಿಗೆ 13 ಹಾಗೂ ಗಂಡು ಮಕ್ಕಳಿಗೆ 23 ಶಾಲೆಗಳಿದ್ದುದನ್ನು ದಾಖಲಿಸಿದವರು. ಜಗತ್ತನ್ನೇ ಸುತ್ತಿದ ಅಂಥವರಿಗೂ ಒಂದು ಕೊರಕಲು ದಾಟಲು ಸರಿಯಾದ ಜೊತೆಗಾರ ಬೇಕಿತ್ತು ಎಂದು ಮಗನಿಗೆ ಹೇಳಿದೆ. ನನಗೂ ಹೇಳಿಕೊಂಡೆ.

ಊರಿಗೆ ಮರಳಿದ ಮೇಲೆ

ನಾವು ಮರಳಿ ನಾಲ್ಕು ತಿಂಗಳಾಗಿತ್ತು. 2024ರ ಏಪ್ರಿಲ್‌ನಲ್ಲಿ ಒಮಾನಿನಲ್ಲಿ ಭಾರೀ ಮಳೆ. ಸಮದ್ ಅಶ್ಶಾನ್ ಎಂಬಲ್ಲಿ ಶಾಲಾ ಮಕ್ಕಳಿದ್ದ ವಾಹನ ವಾದಿಯ ಪ್ರವಾಹದಲ್ಲಿ ಕೊಚ್ಚಿಹೋಗಿ ಪುಟ್ಟ ಮಕ್ಕಳು ಜೀವ ಕಳೆದುಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. 2007ರ ಗೋನು ಚಂಡಮಾರುತದ ನಂತರ ಪ್ರವಾಹದ ಪಾಠ ಚೆನ್ನಾಗಿ ಕಲಿತ ದೇಶವದು. ಹರಿಯುವ ವಾದಿಗೆ ವಾಹನ ಇಳಿಸುವುದು ಅಲ್ಲಿ ಶಿಕ್ಷಾರ್ಹ ಅಪರಾಧ. ಆದರೂ ಹೀಗಾಯಿತು. ಸುದ್ದಿ ನೋಡಿದ ಮಗ ಟಿ.ವಿ. ಆರಿಸಿ ಬಂದು ನನ್ನ ಪಕ್ಕದಲ್ಲಿ ಕುಳಿತ. “ಅಂದು ನಾವು ಬಂದದ್ದು ಸುಮ್ಮನೆ ಅಲ್ಲ” ಎಂದ. ನಾನೇನೂ ಸೇರಿಸಲಿಲ್ಲ.

ಆ ಬೇಸಿಗೆ ರಜೆಗೆ ಮುಂಚೆ ತರಗತಿಯಲ್ಲಿ ನಾನು ಹಳೆಯ ಆಜ್ಞೆ ಹೊರಡಿಸಲಿಲ್ಲ. “ಯಾರಿಗೆಲ್ಲ ಈಜು ಬರುತ್ತದೆ? ಎಲ್ಲಿ ಕಲಿತಿರಿ? ಬೈಯುವುದಿಲ್ಲ” ಎಂದೆ. ಸ್ವಲ್ಪ ಹೊತ್ತಿನ ಮೌನದ ಬಳಿಕ ಒಂದೊಂದೇ ಕೈ ಮೇಲೆದ್ದಿತು. ಅರ್ಧಕ್ಕಿಂತ ಹೆಚ್ಚು! ಹೊಳೆ, ಕಟ್ಟ, ಕೋರೆ... ಯಾರ ಮನೆಯವರಿಗೂ ತಿಳಿದಿರಲಿಲ್ಲ.

ಅವರ ಪೋಷಕರನ್ನು ಕರೆದು ಮಾತನಾಡಿದೆವು. ಈಜು ಬಲ್ಲ ಇಬ್ಬರು ಹಳೆ ವಿದ್ಯಾರ್ಥಿಗಳು ಮುಂದೆ ಬಂದರು. ಊರ ಕೆರೆಯ ಮೆಟ್ಟಿಲಿರುವ ಬದಿಯಲ್ಲಿ, ಹಗ್ಗ ಕಟ್ಟಿ, ಜಾಕೆಟ್ ತೊಡಿಸಿ, ದಡದಲ್ಲಿ ಹಿರಿಯರನ್ನು ನಿಲ್ಲಿಸಿ ರವಿವಾರ ಬೆಳಿಗ್ಗೆ ಕಲಿಸುವ ಏರ್ಪಾಟಾಯಿತು. ಈಜಿಗಿಂತ ಮೊದಲು ಹೇಳಿಕೊಡುವ ಮಾತುಗಳಿವೆ: ಮನೆಯಲ್ಲಿ ತಿಳಿಸದೆ ನೀರಿಗೆ ಹೋಗಬಾರದು. ಒಬ್ಬಂಟಿಯಾಗಿ ಇಳಿಯಬಾರದು. ಮುಳುಗುತ್ತಿರುವವನನ್ನು ಕಂಡು ತಾನೂ ಹಾರಬಾರದು. ಕೂಗಿ ಜನ ಸೇರಿಸಬೇಕು, ಹಗ್ಗ, ಕೋಲು, ಶಾಲು ಕೈಗೆ ಸಿಕ್ಕಿದ್ದನ್ನು ಚಾಚಬೇಕು. ಬೆಟ್ಟದ ತೊರೆಯಲ್ಲಿ ತಿಳಿನೀರು ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಮೇಲಿನಿಂದ ಗುಡುಗಿನಂಥ ಸದ್ದು ಕೇಳಿದರೆ ಪಾತ್ರದಲ್ಲಿ ಓಡದೆ ತಕ್ಷಣ ಎತ್ತರಕ್ಕೆ ಹತ್ತಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜೊತೆಯವರು ಮುಂದೆ ಹೋದರೂ ತಾನು ಮರಳಲು ನಾಚಬಾರದು.

ಹೆಣ್ಣು ಮಕ್ಕಳಿಗೆ ಇನ್ನೂ ಇಂಥ ವ್ಯವಸ್ಥೆ ಆಗಿಲ್ಲ. ಈಜು ಬಲ್ಲ ತಾಯಂದಿರು ಮುಂದೆ ಬಂದರೆ ಅದೂ ಕಷ್ಟವಲ್ಲ. ಮಸ್ಕತ್‌ನಲ್ಲಿ ತಂಗಿಯ ಮಗಳು ದೋಣಿಯಲ್ಲಿ ಕೇಳಿದ ಪ್ರಶ್ನೆಯನ್ನು ನಮ್ಮೂರಿನ ಹುಡುಗಿಯರೂ ಒಂದು ದಿನ ನಮ್ಮನ್ನು ಕೇಳಿಯಾರು.

ಮೊದಲ ರವಿವಾರ ಕೆರೆಯ ದಡಕ್ಕೆ ಹೋದಾಗ, ಕಳೆದುಹೋದ ಆ ಹುಡುಗನ ತಮ್ಮನೂ ಸಾಲಿನಲ್ಲಿದ್ದ. ಅವನ ತಾಯಿಯೇ ಕಳುಹಿಸಿದ್ದರು. ನಾನು ವಾಚು ಬಿಚ್ಚಿ ಮಗನ ಕೈಗೆ ಕೊಟ್ಟು, ಎಲ್ಲರಿಗಿಂತ ಮೊದಲು ನೀರಿಗಿಳಿದೆ. ನಲವತ್ತು ದಾಟಿದ ಉಸ್ತಾದ್ ಕೈಕಾಲು ಬಡಿಯುವುದನ್ನು ನೋಡಿ ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ನಗಲಿ ಬಿಡಿ. ಈಗ ಅರ್ಧ ಕೆರೆ ದಾಟುತ್ತೇನೆ. ಇನ್‌ಶಾ ಅಲ್ಲಾಹ್, ಇನ್ನೊಮ್ಮೆ ಮಸ್ಕತ್‌ಗೆ ಹೋದರೆ ಆ ಗುಹೆಯ ಜಲಪಾತವನ್ನು ಮಗನ ಜೊತೆ ಹೋಗಿ ನೋಡಬೇಕೆಂದಿದ್ದೇನೆ. ಬೆಟ್ಟದ ಮೇಲೆ ಮೋಡ ಇಲ್ಲದಿದ್ದರೆ.